ಲಿಂಗನಮಕ್ಕಿ ತುಂಬದ ವರ್ಷ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ 1819 ಅಂದರೆ ಇಸವಿ ಅಲ್ಲ, ಅಡಿ. ಶರಾವತಿ ನದಿಯ ಲಿಂಗನಮಕ್ಕಿ ಡ್ಯಾಮ್ ಭರ್ತಿ ಆಯಿತು ಅನ್ನಬೇಕಾದರೆ ನೀರು ಸಮುದ್ರಮಟ್ಟದಿಂದ ಅಷ್ಟು ಎತ್ತರ ಮುಟ್ಟಬೇಕು. ಮಳೆ ಹಿಡಿದ ಮೇಲೆ ಬೆಳಿಗ್ಗೆ ಪೇಪರ್ ಬಂದರೆ ಎಷ್ಟೋ ಮನೆಗಳಲ್ಲಿ ಮೊದಲು ಹುಡುಕುವುದು ಒಳಪುಟದ ಮೂಲೆಯ ಆ ಸಣ್ಣ ಪಟ್ಟಿಯನ್ನು. ಗರಿಷ್ಠ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನ, ಒಳಹರಿವು, ಹೊರಹರಿವು. ಅಡಿಕೆ ಧಾರಣೆ ಅದಾದ ಮೇಲೆ.

2023ರ ಮಳೆಗಾಲದಲ್ಲಿ ಆ ಪಟ್ಟಿ ನೋಡುವುದೇ ಬೇಜಾರಾಗಿತ್ತು. ಜೂನ್ ತಡವಾಯಿತು. ಜುಲೈ ಕೊನೆಗೆ ಒಂದಷ್ಟು ದಿನ ಚೆನ್ನಾಗಿ ಹೊಡೆದು ಆಸೆ ಹುಟ್ಟಿಸಿತು. ಆಮೇಲೆ ಆಗಸ್ಟ್‌ನಲ್ಲಿ ಬಿಸಿಲು. 1901ರಿಂದ ಲೆಕ್ಕ ಇಟ್ಟಿದ್ದರಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇನ್ನೊಂದಿರಲಿಲ್ಲ. ವಾಡಿಕೆಗಿಂತ 36% ಕಡಿಮೆ ಮಳೆ. ಕರ್ನಾಟಕದಲ್ಲಂತೂ ಆ ತಿಂಗಳ ವಾಡಿಕೆಯ ಮೂರನೇ ಒಂದು ಪಾಲೂ ಬೀಳಲಿಲ್ಲ. ಡ್ಯಾಮ್ ಅರ್ಧ ತುಂಬುವುದಕ್ಕೇ ತಿಣುಕಾಡಿತು.

ಈ ಬರಹ ಆ ಒಂದು ವರ್ಷದ್ದು. ನಮ್ಮ ದೇಶದ ನವೀಕರಿಸಬಹುದಾದ ಇಂಧನದಲ್ಲಿ ಜಲವಿದ್ಯುತ್ತಿನ ಪಾತ್ರ ಏನು ಅಂತ ಕೇಳಿದರೆ ಶೇಕಡಾವಾರು ಹೇಳಿ ಮುಗಿಸಬಹುದು. ಆದರೆ ಅಮ್ಮ ನಾಲ್ಕು ದಿನ ತವರಿಗೆ ಹೋದಾಗಲೇ ಅಲ್ವಾ, ಅಡಿಗೆಮನೆಯಲ್ಲಿ ಯಾವ ಕೆಲಸ ಯಾರು ಮಾಡುತ್ತಿದ್ದರು ಅಂತ ಗೊತ್ತಾಗುವುದು? ನೀರು ಕೈಕೊಟ್ಟ ವರ್ಷವನ್ನೇ ನೋಡೋಣ.

ಒಂದು ಟ್ಯಾಂಕ್, ಒಂದು ಯೂನಿಟ್

ಮೊದಲು ಜಾಗದ ಪರಿಚಯ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಉದ್ದದ ನದಿಯೇನಲ್ಲ, 130 ಕಿಲೋಮೀಟರ್ ಕೂಡ ಇಲ್ಲ. ಅದರ ಶಕ್ತಿ ಇರುವುದು ಬೀಳುವುದರಲ್ಲಿ. ಘಟ್ಟದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಇಳಿಯುತ್ತದೆ. ಜೋಗ ಒಂದೇ 253 ಮೀಟರ್.

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಉದ್ದ ಸುಮಾರು 2.7 ಕಿ.ಮೀ., ಹಿಡಿಯುವ ನೀರು 150 ಟಿಎಂಸಿ ಚಿಲ್ಲರೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಪಕ್ಕದ ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳ ನೀರೂ ಇಲ್ಲಿಗೇ ಬರುತ್ತದೆ. ಡ್ಯಾಮಿನ ಬುಡದಲ್ಲಿ 55 ಮೆಗಾವಾಟ್‌ನ ಸಣ್ಣ ಪವರ್‌ಹೌಸ್. ಅಲ್ಲಿ ಒಮ್ಮೆ ದುಡಿದ ನೀರು ಕಾಲುವೆ ಹಿಡಿದು ತಲಕಳಲೆ ಎಂಬ ಇನ್ನೊಂದು ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಹತ್ತು ದೊಡ್ಡ ಪೈಪುಗಳಲ್ಲಿ ಕಣಿವೆಯ ತಳಕ್ಕೆ ಧುಮುಕುತ್ತದೆ. ತಳದಲ್ಲಿರುವುದೇ ಶರಾವತಿ ವಿದ್ಯುದಾಗಾರ. 103.5 ಮೆಗಾವಾಟ್‌ನ ಹತ್ತು ಯಂತ್ರ, ಒಟ್ಟು 1035. ಹೊರಬಂದ ನೀರನ್ನು ಮತ್ತೆ ಗೇರುಸೊಪ್ಪೆಯಲ್ಲಿ ತಡೆದು ಇನ್ನೂ 240 ಮೆಗಾವಾಟ್ ತೆಗೆಯುತ್ತಾರೆ. ಜೋಗದ ಬುಡದಲ್ಲಿರುವ ಹಳೇ ಮಹಾತ್ಮ ಗಾಂಧಿ ವಿದ್ಯುದಾಗಾರದ 139.2 ಮೆಗಾವಾಟ್ ಸೇರಿಸಿದರೆ ಈ ಒಂದು ಕಣಿವೆಯಲ್ಲೇ ಹತ್ತಿರ ಹತ್ತಿರ 1470 ಮೆಗಾವಾಟ್.

ಈ ಮೆಗಾವಾಟು, ಟಿಎಂಸಿ ಎಲ್ಲ ಕೇಳಿ ಕೇಳಿ ಕಿವಿಗೆ ಅಭ್ಯಾಸ ಆಗಿಬಿಟ್ಟಿದೆ, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನೊಂದು ಲೆಕ್ಕ ಹಾಕಿದೆ. ತಲಕಳಲೆಯಿಂದ ಶರಾವತಿ ಯಂತ್ರದವರೆಗೆ ನೀರು ಬೀಳುವ ಎತ್ತರ 450 ಮೀಟರ್ ಆಸುಪಾಸು. ಅಷ್ಟು ಎತ್ತರದಿಂದ ಬಿದ್ದ ಒಂದು ಲೀಟರ್ ನೀರು, ಪೈಪು ಮತ್ತು ಯಂತ್ರದಲ್ಲಿ ಆಗುವ ನಷ್ಟ ಕಳೆದರೆ, ಸರಿಸುಮಾರು ಒಂದು ವಾಟ್-ಅವರ್ ಕೊಡುತ್ತದೆ. 9 ವಾಟ್‌ನ ಎಲ್‌ಇಡಿ ಬಲ್ಬು ಆರೇಳು ನಿಮಿಷ ಉರಿಯುವಷ್ಟು. ಅಂದರೆ ನಿಮ್ಮ ಮೀಟರ್‌ನಲ್ಲಿ ಒಂದು ಯೂನಿಟ್ (ಸಾವಿರ ವಾಟ್-ಅವರ್) ಓಡಬೇಕಾದರೆ ಅಲ್ಲಿ ಸಾವಿರ ಲೀಟರ್ ನೀರು ಬೀಳಬೇಕು. ಮನೆ ಮೇಲಿನ ಒಂದು ಕಪ್ಪು ಸಿಂಟೆಕ್ಸ್ ಟ್ಯಾಂಕ್. ಒಂದು ಟ್ಯಾಂಕ್, ಒಂದು ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಅಂದರೆ ಸಾಲಾಗಿ ನಿಲ್ಲಿಸಿದ 200 ಟ್ಯಾಂಕ್!

ಇದು ಶರಾವತಿಯ ಲೆಕ್ಕ ಮಾತ್ರ. ಬಯಲುಸೀಮೆಯ ಆಲಮಟ್ಟಿಯಲ್ಲಿ ಬೀಳುವ ಎತ್ತರ ಕಡಿಮೆ, ಅಲ್ಲಿ ಅದೇ ಒಂದು ಯೂನಿಟ್‌ಗೆ ಇದರ ಹತ್ತು ಪಟ್ಟಿಗೂ ಜಾಸ್ತಿ ನೀರು ಬೇಕು. ಶರಾವತಿಯ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತು ಬಂದು 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತಲ್ಲ, ಆಗ ನನಗೆ ಮೊದಲು ಹೊಳೆದದ್ದು ಇದೇ ಲೆಕ್ಕ. ಬೆಂಗಳೂರು ಡ್ಯಾಮಿಗಿಂತ 350 ಮೀಟರ್ ಎತ್ತರದಲ್ಲಿದೆ. ಕೆಳಗೆ ಬಿದ್ದು ಕರೆಂಟು ಕೊಡುವ ನೀರನ್ನು ಕರೆಂಟು ಕೊಟ್ಟು ಮೇಲಕ್ಕೆ ಹತ್ತಿಸಬೇಕು. ಎರಡೂ ಕಡೆ ನಷ್ಟ. ಇರಲಿ, ಅದು ಬೇರೆ ಜಗಳ.

ಯಂತ್ರ ದೊಡ್ಡದು, ನೀರು ಚಿಕ್ಕದು

ಹತ್ತೂ ಯಂತ್ರ ಪೂರ್ತಿ ಓಡಿದರೆ ದಿನಕ್ಕೆ ಒಂದು ಟಿಎಂಸಿಗೆ ಸ್ವಲ್ಪ ಕಡಿಮೆ ನೀರು ಖರ್ಚು. ತುಂಬಿದ ಡ್ಯಾಮ್ ಆರು ತಿಂಗಳೂ ಬಾಳುವುದಿಲ್ಲ. ಅರ್ಧ ತುಂಬಿದ್ದು ಮೂರು ತಿಂಗಳೂ ಇಲ್ಲ. ಹಾಗಾದರೆ ಅಷ್ಟು ದೊಡ್ಡ ಪವರ್‌ಹೌಸ್ ಯಾಕೆ ಕಟ್ಟಿದರು?

ಕಾರಣ ಇಷ್ಟೆ: ಇದನ್ನು ಹಗಲೂ ರಾತ್ರಿ ಓಡಿಸಬೇಕಾಗಿಲ್ಲ. ಬೇಕಾದಾಗ ಓಡಿಸಬೇಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಮಾಡಿಟ್ಟುಕೊಳ್ಳುತ್ತಾರಲ್ಲ, ಡ್ಯಾಮ್ ಅದರ ಉಲ್ಟಾ. ಮಳೆಗಾಲದ ನಾಲ್ಕು ತಿಂಗಳಲ್ಲಿ ಸುರಿದಿದ್ದನ್ನು ಕೂಡಿಟ್ಟು ಬೇಸಿಗೆ ದಾಟಿಸುವುದು. ಮುಂದಿನ ಮಳೆ ಕೈಗೆ ಹತ್ತುವವರೆಗೆ ಎಳೆಯಬೇಕು. ಅಕ್ಟೋಬರ್‌ನಲ್ಲಿ ತೆಗೆದ ಒಂದು ಟಿಎಂಸಿ ಏಪ್ರಿಲ್‌ಗೆ ಇರುವುದಿಲ್ಲ. ಕಣಜದಲ್ಲಿರುವುದು ಅಷ್ಟೇ ಭತ್ತ.

ಹಿಂದೆ ಹೀಗಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದಾಗಿನಿಂದ, 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಕಲ್ಲಿದ್ದಲು ಘಟಕ ಉರಿಯುವವರೆಗೆ, ಈ ರಾಜ್ಯ ಬದುಕಿದ್ದು ಹೆಚ್ಚುಕಡಿಮೆ ನೀರಿನ ಮೇಲೇ. ಆಗ ಮಳೆ ಕೈಕೊಟ್ಟರೆ ಪವರ್ ಕಟ್, ಬೇರೆ ದಾರಿಯೇ ಇಲ್ಲ. ಆ ಕಾಲದವರಿಗೆ ಸೀಮೆಎಣ್ಣೆ ಬುಡ್ಡಿ ಜೊತೆಗಿಲ್ಲದ ಬೇಸಿಗೆ ನೆನಪಿಲ್ಲ. ಇಡೀ ದೇಶದ ಕಥೆಯೂ ಸುಮಾರು ಅದೇ. 1960ರ ದಶಕದ ಆರಂಭದಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧದ ಹತ್ತಿರ ಜಲವಿದ್ಯುತ್ತೇ ಇತ್ತು. ಈಗ ಅದು ಹತ್ತನೇ ಒಂದು ಪಾಲು. ನೀರು ಕಡಿಮೆ ಆಗಿ ಅಲ್ಲ, ಉಳಿದದ್ದು ಬೆಳೆದು: ಮೊದಲು ಕಲ್ಲಿದ್ದಲು, ಈಚೆಗೆ ಬಿಸಿಲು ಮತ್ತು ಗಾಳಿ. ಪಾವಗಡದ 13 ಸಾವಿರ ಎಕರೆ ಸೋಲಾರ್ ಪಾರ್ಕಿನ ಸಾಮರ್ಥ್ಯವೇ 2050 ಮೆಗಾವಾಟ್, ಇಡೀ ಶರಾವತಿ ಕಣಿವೆಗಿಂತ ಜಾಸ್ತಿ.

ಸರಿ, ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ನೀರು ಅಷ್ಟೇನೂ ಮುಖ್ಯ ಅಲ್ಲ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಒಂದು ರಾತ್ರಿಯ ಲೆಕ್ಕ ನೋಡುವವರೆಗೆ.

ಒಂಬತ್ತು ಗಂಟೆ, ಒಂಬತ್ತು ನಿಮಿಷ

2020ರ ಏಪ್ರಿಲ್ 5 ನೆನಪಿರಬೇಕು. ಲಾಕ್‌ಡೌನ್ ಕಾಲ. ರಾತ್ರಿ 9ಕ್ಕೆ ಎಲ್ಲರೂ ಒಂಬತ್ತು ನಿಮಿಷ ಲೈಟ್ ಆರಿಸಿ ದೀಪ ಹಚ್ಚಿ ಅಂತ ಪ್ರಧಾನಿ ಹೇಳಿದ್ದರು. ನಾವೆಲ್ಲ ಜಗಲಿಗೆ ಬಂದು ಹಣತೆ ಇಟ್ಟುಕೊಂಡು ನಿಂತಿದ್ದಾಗ ಗ್ರಿಡ್ (ದೇಶದ ವಿದ್ಯುತ್ ಜಾಲ) ನೋಡಿಕೊಳ್ಳುವವರ ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಕರೆಂಟನ್ನು ಗ್ರಿಡ್ ಕೂಡಿಡುವುದಿಲ್ಲ. ಆ ಕ್ಷಣಕ್ಕೆ ಎಷ್ಟು ಖರ್ಚೋ ಅಷ್ಟೇ ತಯಾರಾಗಬೇಕು. ಕಡಿಮೆ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ.

ಆ ರಾತ್ರಿ 8:45ಕ್ಕೆ ದೇಶದ ಬೇಡಿಕೆ ಸುಮಾರು 1 ಲಕ್ಷ 17 ಸಾವಿರ ಮೆಗಾವಾಟ್ ಇತ್ತು. ಲೈಟು ಆರುತ್ತಿದ್ದ ಹಾಗೆ ಅದು 31 ಸಾವಿರ ಮೆಗಾವಾಟ್ ಕುಸಿಯಿತು. ನಿರೀಕ್ಷೆ ಮಾಡಿದ್ದಕ್ಕಿಂತ ಎಷ್ಟೋ ಜಾಸ್ತಿ. ಅದರಲ್ಲಿ 17 ಸಾವಿರ ಮೆಗಾವಾಟ್‌ಗೂ ಹೆಚ್ಚನ್ನು ತಗ್ಗಿಸಿಕೊಂಡದ್ದು ಜಲವಿದ್ಯುತ್ ಯಂತ್ರಗಳು. ಲೈಟು ಮತ್ತೆ ಹತ್ತಿದಾಗ ಏರಿದ್ದೂ ಅವೇ. ಎಲ್ಲಾ ನಡೆದದ್ದು ಮುಕ್ಕಾಲು ಗಂಟೆ ಒಳಗೆ. ದೇಶದ ಸಾಮರ್ಥ್ಯದಲ್ಲಿ ಚಿಕ್ಕ ಪಾಲು ಇರುವವನು ಆ ಹೊತ್ತಿನ ಅರ್ಧಕ್ಕಿಂತ ಜಾಸ್ತಿ ಭಾರ ಹೊತ್ತ.

ಕಲ್ಲಿದ್ದಲಿನ ಬಾಯ್ಲರ್ ತಣ್ಣಗಾಗಿದ್ದರೆ ಬಿಸಿಯೇರಿ ಓಡುವ ಸ್ಥಿತಿಗೆ ಬರಲು ಗಂಟೆಗಟ್ಟಲೆ ಬೇಕು. ಸೋಲಾರ್ ಅಂತೂ ಸೂರ್ಯ ಹೇಳಿದಂತೆ. ನೀರಿನ ಯಂತ್ರದಲ್ಲಿ ನಲ್ಲಿ ತಿರುಗಿಸಿದಂತೆ: ಚಕ್ರಕ್ಕೆ ನೀರು ಚಿಮ್ಮುವ ಬಾಯಿ ತೆರೆದರೆ ಕೆಲವೇ ನಿಮಿಷದಲ್ಲಿ ಪೂರ್ತಿ ಓಟ, ಮುಚ್ಚಿದರೆ ನಿಂತಿತು. ಸಂಜೆ ಆರೂವರೆ ಹೊತ್ತಿಗೆ ಪಾವಗಡದ ಪ್ಯಾನೆಲ್‌ಗಳು ಮಲಗುತ್ತವೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ, ಮಿಕ್ಸಿ, ಗೀಸರ್ ಶುರು. ಆ ಸಂದಿಯಲ್ಲಿ ಕೈ ಕೊಡದೆ ನಿಲ್ಲುವುದು ನೀರು.

ಹಾಗಾಗಿ ನನ್ನ ಮಟ್ಟಿಗೆ ಇವತ್ತಿನ ಜಲವಿದ್ಯುತ್ತನ್ನು ಯೂನಿಟ್‌ನಲ್ಲಿ ಅಳೆಯುವುದೇ ತಪ್ಪು. ಗಳಿಗೆಯಲ್ಲಿ ಅಳೆಯಬೇಕು. ಸಂಜೆ 7ರ ಯೂನಿಟ್‌ಗೂ ಮಧ್ಯಾಹ್ನ 12ರ ಯೂನಿಟ್‌ಗೂ ಮದುವೆಮನೆಯ ಊಟಕ್ಕೂ ಮಾರನೇ ದಿನದ ತಂಗಳಿಗೂ ಇರುವಷ್ಟು ವ್ಯತ್ಯಾಸ.

ಅಕ್ಟೋಬರ್ 2023

ಈಗ ಆ ವರ್ಷಕ್ಕೆ ವಾಪಸ್ ಬರೋಣ.

ಒಳ್ಳೆ ಮಳೆಯ ವರ್ಷ ಅಕ್ಟೋಬರ್ ಎಂದರೆ ಕರೆಂಟಿನವರಿಗೆ ಸ್ವಲ್ಪ ಉಸಿರಾಡುವ ತಿಂಗಳು. ಹೊಲ ಒದ್ದೆ, ಪಂಪ್‌ಸೆಟ್ ಸುಮ್ಮನೆ, ಸೆಕೆ ಇಲ್ಲ. 2023ರಲ್ಲಿ ಎಲ್ಲಾ ಉಲ್ಟಾ. ಮಳೆ ಬಾರದ್ದಕ್ಕೆ ಬೆಳೆ ಉಳಿಸಿಕೊಳ್ಳಲು ರೈತರು ಬೋರ್‌ವೆಲ್ ಓಡಿಸಿದರು. ರಾಜ್ಯದಲ್ಲಿ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಜಾಸ್ತಿ ಇವೆ. ಬೇಡಿಕೆ 15 ಸಾವಿರ ಮೆಗಾವಾಟ್ ದಾಟಿತು. ಅದು ಬಿರುಬೇಸಿಗೆಯ ಅಂಕಿ, ದಸರಾ ತಿಂಗಳದ್ದಲ್ಲ. ಇತ್ತ ಡ್ಯಾಮಿನಲ್ಲಿ ನೀರಿಲ್ಲ.

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಜಲವಿದ್ಯುತ್ತಿಗೆ ಮಳೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬಾರದ ಮಳೆ ಎರಡು ಕಡೆಯಿಂದ ಹೊಡೆಯುತ್ತದೆ. ಒಂದು ಕೈಯಲ್ಲಿ ಉತ್ಪಾದನೆ ಕಿತ್ತುಕೊಳ್ಳುತ್ತದೆ, ಇನ್ನೊಂದು ಕೈಯಲ್ಲಿ ಬೇಡಿಕೆ ಏರಿಸುತ್ತದೆ. ಕಲ್ಲಿದ್ದಲು ಗಣಿಯಲ್ಲಿ ಮುಷ್ಕರ ಆದರೆ ಬೇಡಿಕೆ ಏರುವುದಿಲ್ಲ. ನೀರಿನಲ್ಲಿ ಮಾತ್ರ ಈ ಜೋಡಿ ಪೆಟ್ಟು. ಬರ ಎಲ್ಲಿಗೆ ಮುಟ್ಟಿತ್ತು ಅಂದರೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿಗೆ ಸೇರಿದವು. ಮಲೆನಾಡಿನ ತಾಲ್ಲೂಕುಗಳೂ ಅದರಲ್ಲಿದ್ದವು!

ಸರ್ಕಾರ ಏನು ಮಾಡಿತು? ಪಂಪ್‌ಸೆಟ್‌ಗೆ ಕೊಡುತ್ತಿದ್ದ ಏಳು ಗಂಟೆ ತ್ರೀಫೇಸ್ ಐದು ಗಂಟೆಗೆ ಇಳಿಯಿತು. ಹೆಸ್ಕಾಂ, ಜೆಸ್ಕಾಂ ಸಬ್‌ಸ್ಟೇಷನ್ ಮುಂದೆ ರೈತರು ಕೂತರು. ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು, ರಾಜ್ಯದ ಖಾಸಗಿ ಸ್ಥಾವರಗಳು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಅಂತ ಆದೇಶ ಆಯಿತು. ಉತ್ತರ ಪ್ರದೇಶ ಮತ್ತು ಪಂಜಾಬಿನ ಜೊತೆ ಕೈಬದಲು ವ್ಯವಹಾರ: ಈಗ ನೀವು ಕೊಡಿ, ಮುಂದಿನ ಮಳೆಗಾಲದಲ್ಲಿ ನಾವು ವಾಪಸ್ ಕೊಡುತ್ತೇವೆ. ಇದು ನನಗೆ ತುಂಬಾ ಇಷ್ಟವಾದ ಏರ್ಪಾಡು. ಪಂಜಾಬಿನವರಿಗೆ ಭತ್ತದ ನಾಟಿ ಹೊತ್ತಿಗೆ, ಜೂನ್ ಆದಮೇಲೆ, ಕರೆಂಟು ಬೇಕು. ನಮಗೆ ಆಗ ಗಾಳಿಯೂ ಇರುತ್ತದೆ, ನೀರೂ ಬಂದಿರುತ್ತದೆ. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕೈಗಡ ತಂದ ಹಾಗೆ. ಅದೃಷ್ಟಕ್ಕೆ ನವೆಂಬರ್‌ನಲ್ಲಿ ಒಂದಿಷ್ಟು ಮಳೆ ಬಿದ್ದು ಏಳು ಗಂಟೆ ಮತ್ತೆ ಶುರುವಾಯಿತು.

ಇಷ್ಟರಲ್ಲಿ ಲಿಂಗನಮಕ್ಕಿ ಏನು ಮಾಡುತ್ತಿತ್ತು? ಜಿಪುಣತನ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಆಗ ಕರೆಂಟು ತೆಗೆದರೆ ಯಾವ ಸರ್ಕಾರಕ್ಕೂ ಉಳಿಗಾಲವಿಲ್ಲ. ಹಾಗಾಗಿ ಇದ್ದ ನೀರನ್ನು ಸಂಜೆಗೆ, ಬೆಳಿಗ್ಗೆಯ ಎರಡು ಮೂರು ತಾಸಿಗೆ ಅಂತ ಅಳೆದು ಅಳೆದು ಬಿಡಬೇಕು. ಮತ್ತೆ ನನ್ನ ಟ್ಯಾಂಕಿನ ಲೆಕ್ಕವನ್ನೇ ತೆಗೆಯುತ್ತೇನೆ: ಹತ್ತೂ ಯಂತ್ರವನ್ನು ದಿನಕ್ಕೆ ನಾಲ್ಕೇ ಗಂಟೆ ಓಡಿಸಿದರೆ ಅರ್ಧ ತುಂಬಿದ ಡ್ಯಾಮ್ ಒಂದು ವರ್ಷಕ್ಕೂ ಜಾಸ್ತಿ ಬರುತ್ತದೆ. ಬರಗಾಲದಲ್ಲೂ ಸಂಜೆಗೆ ನೀರು ಸಾಕು! ಸಾಲದೇ ಬರುವುದು ಉಳಿದ ಇಪ್ಪತ್ತು ಗಂಟೆಗೂ ಅದನ್ನೇ ಎಳೆದರೆ. ಪಂಪ್‌ಸೆಟ್‌ಗಳನ್ನು ಹಗಲು ಬಿಸಿಲಿನ ಕರೆಂಟಿಗೆ ಕಟ್ಟಿಹಾಕುವುದು ಸೋಲಾರ್ ವಿಷಯ ಅಂತ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಅದು ಡ್ಯಾಮ್ ಉಳಿಸುವ ವಿಷಯ.

ದೇಶದ ಖಾತೆಯಲ್ಲಿ

ಅದೇ ವರ್ಷ ದೇಶದ ಲೆಕ್ಕವೂ ಬಿತ್ತು. 2022-23ರಲ್ಲಿ ದೊಡ್ಡ ಜಲವಿದ್ಯುತ್ ಸ್ಥಾವರಗಳು 16,200 ಕೋಟಿ ಯೂನಿಟ್ ಕೊಟ್ಟಿದ್ದವು. 2023-24ರಲ್ಲಿ ಸುಮಾರು 13,400 ಕೋಟಿ. ಒಂದೇ ವರ್ಷದಲ್ಲಿ 17% ಖೋತಾ. ಅಷ್ಟಾದರೂ ಆ ವರ್ಷ ನವೀಕರಿಸಬಹುದಾದ ಮೂಲಗಳಲ್ಲಿ ಒಂದೊಂದನ್ನೇ ತೆಗೆದು ನೋಡಿದರೆ ನೀರೇ ಮೊದಲು. ಸೋಲಾರ್ ಸುಮಾರು 11,600 ಕೋಟಿ, ಗಾಳಿ 8,300 ಕೋಟಿ. ಮರುವರ್ಷ ಸೋಲಾರ್ ಓಡಿ ಬಂದು ನೀರಿನ ಹೆಗಲು ಮುಟ್ಟಿತು, ಎರಡೂ ಹೆಚ್ಚುಕಡಿಮೆ ಸರಿಸಮ. ಇನ್ನು ಮೇಲೆ ಸೋಲಾರೇ ಮುಂದೆ ಅನ್ನುವುದರಲ್ಲಿ ಅನುಮಾನ ಬೇಡ.

ಇಲ್ಲೊಂದು ತಮಾಷೆ ಇದೆ. 2019ರ ಮಾರ್ಚ್‌ವರೆಗೆ ಶರಾವತಿ ಸರ್ಕಾರಿ ಭಾಷೆಯಲ್ಲಿ ನವೀಕರಿಸಬಹುದಾದ ಇಂಧನ ಆಗಿರಲೇ ಇಲ್ಲ. 25 ಮೆಗಾವಾಟ್‌ಗಿಂತ ಚಿಕ್ಕ ಸ್ಥಾವರಕ್ಕೆ ಮಾತ್ರ ಆ ಹೆಸರು. ದೊಡ್ಡ ಡ್ಯಾಮ್ ಕಾಡು ಮುಳುಗಿಸುತ್ತದೆ, ಊರು ಮುಳುಗಿಸುತ್ತದೆ, ಅದನ್ನು ಗಾಳಿ ಬಿಸಿಲಿನ ಪಂಕ್ತಿಯಲ್ಲಿ ಕೂರಿಸಬಾರದು ಅನ್ನುವ ವಾದ ಒಂದು ಕಡೆ. ಮಳೆ ಪ್ರತಿ ವರ್ಷ ಬರುತ್ತದೆ, ಹೊಗೆ ಇಲ್ಲ, ಇದಕ್ಕಿಂತ ನವೀಕರಣ ಬೇಕೇ ಅನ್ನುವುದು ಇನ್ನೊಂದು ಕಡೆ. 2019ರಲ್ಲಿ ಕೇಂದ್ರ ಸಚಿವ ಸಂಪುಟ ದೊಡ್ಡದನ್ನೂ ಪಂಕ್ತಿಗೆ ಸೇರಿಸಿತು. ಹೊಸ ಜಲಯೋಜನೆಗಳ ಕರೆಂಟನ್ನು ವಿತರಣಾ ಕಂಪನಿಗಳು ಇಷ್ಟಿಷ್ಟು ಕೊಳ್ಳಲೇಬೇಕು ಎಂಬ ನಿಯಮವೂ ಬಂತು. ಶರಾವತಿಯಲ್ಲಿ ಅವತ್ತು ಒಂದು ಹನಿ ನೀರೂ ಬದಲಾಗಲಿಲ್ಲ, ಹೆಸರು ಬದಲಾಯಿತು ಅಷ್ಟೆ.

ಬೇರೆ ದೇಶಗಳಿಗೆ ಹೋಲಿಸುವವರು ನಾರ್ವೆ ಹೆಸರು ಹೇಳುತ್ತಾರೆ. ಅಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕರೆಂಟು ನೀರಿನದ್ದು, ಜನ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆ ಹೋಲಿಕೆ ಪ್ರಯೋಜನಕ್ಕಿಲ್ಲ. ಭೂತಾನ್ ನೋಡುವುದು ಮೇಲು: ಮಳೆಗಾಲದಲ್ಲಿ ನಮಗೆ ಮಾರುತ್ತದೆ, ಚಳಿಗಾಲದಲ್ಲಿ ಹೊಳೆ ಬತ್ತಿದಾಗ ನಮ್ಮಿಂದಲೇ ಕೊಳ್ಳುತ್ತದೆ. ನೀರನ್ನೇ ನಂಬಿದವರಿಗೂ ಕೈಗಡ ತಪ್ಪಿದ್ದಲ್ಲ.

ನೀರು ಇಳಿದಾಗ ಕಾಣುವುದು

ಬರದ ವರ್ಷ ಇನ್ನೊಂದನ್ನೂ ಮೇಲೆ ತರುತ್ತದೆ. ಹಿನ್ನೀರು ಇಳಿದ ಹಾಗೆ ಮಡೆನೂರು ಡ್ಯಾಮ್ ತಲೆ ಎತ್ತುತ್ತದೆ. ಲಿಂಗನಮಕ್ಕಿಗಿಂತ ಮೊದಲಿನ ಹಿರೇಭಾಸ್ಕರ ಅಣೆಕಟ್ಟು ಅದು, 1940ರ ದಶಕದ್ದು. ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದು. ಹದಿನೈದಿಪ್ಪತ್ತು ವರ್ಷದಲ್ಲೇ ಹೊಸ ಡ್ಯಾಮ್ ಹಳೆಯದನ್ನು ನುಂಗಿತು. ಗಣೇಶ್ ಅಯ್ಯರ್ ಎಂಬ ಮೈಸೂರಿನ ಎಂಜಿನಿಯರ್ ಕಂಡುಹಿಡಿದ ಸೈಫನ್‌ಗಳು ಅದರಲ್ಲಿವೆ. ಗೇಟೇ ಇಲ್ಲದೆ, ನೀರು ಒಂದು ಮಟ್ಟ ದಾಟಿದ ಕೂಡಲೇ ತಾನಾಗಿ ಎಳೆದು ಹೊರಹಾಕುವ ದೊಡ್ಡ ಕಾಂಕ್ರೀಟ್ ಕೊಳವೆ. ದಶಕಗಟ್ಟಲೆ ನೀರಿನೊಳಗಿದ್ದೂ ಗಟ್ಟಿಯಾಗಿ ನಿಂತಿವೆ. ಬೇಸಿಗೆಯಲ್ಲಿ ಕೆಸರು ಒಣಗಿ ಬಿರುಕು ಬಿಟ್ಟ ಮೇಲೆ ಜನ ಬೈಕಿನಲ್ಲಿ ನೋಡಲು ಹೋಗುತ್ತಾರೆ. ದಾರಿಯುದ್ದಕ್ಕೂ ಬೊಡ್ಡೆಗಳು. 1964ಕ್ಕಿಂತ ಮೊದಲಿನ ಮರಗಳ ಕಪ್ಪು ಬುಡ.

ಡ್ಯಾಮ್ ನೋಡಲು ಹೋದವರು ಸೆಲ್ಫಿ ತೆಗೆದು ಬರುತ್ತಾರೆ. ಅದೇ ಕೆಸರಿನಲ್ಲಿ ಕೆಲವರು ಸುಮ್ಮನೆ ನಿಂತಿರುತ್ತಾರೆ. ನಮ್ಮನೆ ಇಲ್ಲೇ ಎಲ್ಲೋ ಇತ್ತು ಅಂತ ಅಪ್ಪನೋ ಅಜ್ಜನೋ ಕೈ ತೋರಿಸಿದ್ದ ಜಾಗ ಹುಡುಕುವವರು.

ಶರಾವತಿಯಲ್ಲಿ ಸಾವಿರಾರು ಕುಟುಂಬಗಳು ಒಕ್ಕಲೆದ್ದವು. ನಮ್ಮ ಕಡೆ ಅದಕ್ಕೆ ಒಂದೇ ಪದ: ಮುಳುಗಡೆ. ಅವನು ಯಾವ ಊರವನು ಅಂದರೆ ಮುಳುಗಡೆಯವನು. ಅವರನ್ನು ಲಾರಿಯಲ್ಲಿ ತುಂಬಿ ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನಲ್ಲಿ ಬಿಟ್ಟರು. ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಸರಿಯಾಗಿ ಬಿಡಿಸಿ ಹೆಸರಿಗೆ ಮಾಡಿಕೊಡಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಅಲ್ಲಿಗೆ ಗಂಟು ಬಿತ್ತು. ಅರವತ್ತು ವರ್ಷದಿಂದ ಉತ್ತ ಗದ್ದೆಗೆ ಪಹಣಿ ಇಲ್ಲ, ಪಹಣಿ ಇಲ್ಲದ್ದಕ್ಕೆ ಬ್ಯಾಂಕ್ ಸಾಲ ಇಲ್ಲ. ಪ್ರತಿ ಚುನಾವಣೆಯಲ್ಲೂ ಹಕ್ಕುಪತ್ರದ ಮಾತು.

ಶರಾವತಿ ಕರೆಂಟು ಯೂನಿಟ್‌ಗೆ ಒಂದು ರೂಪಾಯಿಗೂ ಕಡಿಮೆ ಬೀಳುತ್ತದೆ, ದೇಶದ ಅಗ್ಗದ ಕರೆಂಟುಗಳಲ್ಲಿ ಒಂದು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಅಗ್ಗ ಹೌದು. ಆ ಬಿಲ್ಲಿನ ಒಂದು ಭಾಗವನ್ನು ಇನ್ನೂ ಯಾರೋ ಬೇರೆಯವರು ಕಟ್ಟುತ್ತಿದ್ದಾರೆ, ಅಷ್ಟೆ.

ಆಚೆ ದಡದ ತುಮರಿ, ಬ್ಯಾಕೋಡಿನ ಕಡೆಯವರದ್ದು ಇನ್ನೊಂದು ಬಗೆ. ಅವರ ಊರು ಮುಳುಗಲಿಲ್ಲ, ದಾರಿ ಮುಳುಗಿತು. ಸೇತುವೆ ಆಗುವವರೆಗೆ ಸಾಗರಕ್ಕೆ ಬರಬೇಕಾದರೆ ಲಾಂಚ್. ಸಂಜೆ ಕೊನೆ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ರಾತ್ರಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಬಸ್ಸು, ಕಾರು ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಬೆಂಗಳೂರಿನ ಎಸಿಗೆ ಬಿಟ್ಟ ಒಂದೊಂದು ಅಡಿ ನೀರೂ ಇವರ ಲಾಂಚಿನ ತಳದಿಂದ ಹೋದದ್ದು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಸಿಗಂದೂರು ಸೇತುವೆ ಅಂತ ಎಲ್ಲರೂ ಕರೆಯುವುದು. ಡ್ಯಾಮ್ ಕಟ್ಟಿ 61 ವರ್ಷ ಆಗಿತ್ತು.

ಅದೇ ನೀರು ಮತ್ತೆ ಮೇಲಕ್ಕೆ

ಈಗ ಶರಾವತಿಯಲ್ಲಿ ಜಗಳ ನಡೆದಿರುವುದು ಪಂಪ್ಡ್ ಸ್ಟೋರೇಜ್ ಬಗ್ಗೆ. ಐಡಿಯಾ ಸರಳ. ಮೇಲೆ ತಲಕಳಲೆ ಇದೆ, ಕೆಳಗೆ ಗೇರುಸೊಪ್ಪೆ ಇದೆ. ಮಧ್ಯಾಹ್ನ ಸೋಲಾರ್ ಕರೆಂಟು ಮಿಕ್ಕಿದಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಅದನ್ನೇ ಬೀಳಿಸುವುದು. ನೆಲದೊಳಗೆ 250 ಮೆಗಾವಾಟ್‌ನ ಎಂಟು ಯಂತ್ರ, ಒಟ್ಟು 2000. ಎತ್ತಲು ಹಾಕಿದ ಕರೆಂಟಿನಲ್ಲಿ ಐದನೇ ಒಂದು ಪಾಲು ಕೈಬಿಡುತ್ತದೆ, ಉಳಿದದ್ದು ವಾಪಸ್. ನಷ್ಟದ ಬಾಬ್ತಲ್ವಾ ಅಂದರೆ, ಹೌದು. ಆದರೆ ಮಧ್ಯಾಹ್ನದ ಐದು ಕೊಟ್ಟು ಸಂಜೆಯ ನಾಲ್ಕು ಪಡೆಯುವುದು ವ್ಯಾಪಾರಕ್ಕೆ ಲಾಭವೇ.

2023ನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಇದರ ಆಸೆ ಯಾಕೆ ಅಂತ ಅರ್ಥವಾಗುತ್ತದೆ. ಆರು ಗಂಟೆ ಪೂರ್ತಿ ಓಡಲು ಇದಕ್ಕೆ ಬೇಕಾದ ನೀರು ಅರ್ಧ ಟಿಎಂಸಿಗೂ ಕಡಿಮೆ, ಅದೂ ಅದೇ ನೀರು ಮೇಲೆ ಕೆಳಗೆ. ಎಂಥ ಬರದಲ್ಲೂ ಅಷ್ಟು ಇರುತ್ತದೆ. ಮಳೆಯ ಹಂಗು ಬಿಟ್ಟ ಜಲವಿದ್ಯುತ್ ಇದು. ದೇಶಕ್ಕೆ ಇದು ಹೊಸದೂ ಅಲ್ಲ. ತಮಿಳುನಾಡಿನ ಕಾಡಂಪಾರೈನಲ್ಲಿ 400 ಮೆಗಾವಾಟ್‌ನದ್ದು 1980ರ ದಶಕದಿಂದ ಇದೆ.

ತಕರಾರು ಇರುವುದು ಜಾಗದ ಮೇಲೆ. ಆ ಕಣಿವೆ ಸಿಂಗಳೀಕದ್ದು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಮೇಲಿನ ಹಸಿರು ಚಪ್ಪರ ಒಂದು ಕಡೆ ಹರಿದರೆ ಅದರ ಲೋಕ ಎರಡು ತುಂಡು. 2019ರಲ್ಲಿ 930 ಚದರ ಕಿಲೋಮೀಟರ್ ಕಾಡನ್ನು ಅದರದ್ದೇ ಹೆಸರಿನ ಅಭಯಾರಣ್ಯ ಮಾಡಿದರು. ಯೋಜನೆ ಅದರೊಳಗೇ ಬರುತ್ತದೆ. ಸುರಂಗ ನೆಲದೊಳಗೆ, ಮೇಲಿನ ಕಾಡಿಗೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಸುರಂಗ ಕೊರೆಯುವ ಯಂತ್ರ ಹೋಗಲು ರಸ್ತೆ ಬೇಕು, ಕಲ್ಲು ಮಣ್ಣು ಸುರಿಯಲು ಜಾಗ ಬೇಕು, ಲೈನ್ ಎಳೆಯಲು ಮರ ಕಡಿಯಬೇಕು. ಘಟ್ಟದಲ್ಲಿ ಈಚೆಗೆ ಪ್ರತಿ ಮಳೆಗಾಲವೂ ಗುಡ್ಡ ಜಾರುವುದು ನೋಡುತ್ತಿದ್ದೇವೆ. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ನದಿದಂಡೆಯ ಜನ, ಮಠದ ಸ್ವಾಮಿಗಳು, ಪರಿಸರದವರು ಎಲ್ಲ ಬೀದಿಗೆ ಬಂದಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ: ಐಡಿಯಾ ಬೇಕು, ಈ ಕಣಿವೆ ಬೇಡ. ಆಂಧ್ರದ ಪಿನ್ನಾಪುರಂನಲ್ಲಿ 1680 ಮೆಗಾವಾಟ್‌ನದ್ದನ್ನು ನದಿಯಿಂದ ಆಚೆ, ಒಣ ಗುಡ್ಡದ ಮೇಲೆ ಕೆರೆ ಮಾಡಿ ಕಟ್ಟಿದ್ದಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಂಥ ಗುಡ್ಡಗಳಿಗೆ ಬರ ಇಲ್ಲ. ಇಲ್ಲಿ ಎರಡು ಜಲಾಶಯ ರೆಡಿ ಇದೆ, ಹಾಗಾಗಿ ಅಗ್ಗ ಅನ್ನುವ ವಾದವನ್ನು ಒಪ್ಪಬಹುದು. ಆದರೆ 1964ರಲ್ಲೂ ಅಗ್ಗ ಅಂತಲೇ ಲೆಕ್ಕ ಹಾಕಿದ್ದರು.

ಮರುವರ್ಷ

2024ರ ಮಳೆಗಾಲ ಬೇರೆಯೇ ಕಥೆ. ಜುಲೈನಲ್ಲಿ ಒಂದೇ ಸಮನೆ ಸುರಿಯಿತು. ಪೇಪರಿನ ಪಟ್ಟಿಯಲ್ಲಿ ಮಟ್ಟ ದಿನಕ್ಕೆ ಅಡಿಗಟ್ಟಲೆ ಏರಿತು. ಕಳೆದ ವರ್ಷ ಇದೇ ದಿನ ಎಂಬ ಕಾಲಂ ಪಕ್ಕದಲ್ಲೇ ಇತ್ತು, ನೋಡಿ ನಗು ಬರುವಷ್ಟು ಅಂತರ. ಆಗಸ್ಟ್ ಮೊದಲ ವಾರದಲ್ಲಿ ಲಿಂಗನಮಕ್ಕಿಯ ಗೇಟು ತೆರೆದರು.

ಗೇಟಿನಿಂದ ಹೋದ ನೀರು ಯಂತ್ರಕ್ಕೆ ಹೋಗುವುದಿಲ್ಲ, ಜೋಗಕ್ಕೆ ಹೋಗುತ್ತದೆ. 10 ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಟ್ಟರೆ ಟ್ಯಾಂಕಿನ ಲೆಕ್ಕದಲ್ಲಿ ಅದು ಸಾವಿರ ಮೆಗಾವಾಟ್, ಇನ್ನೊಂದು ಇಡೀ ಶರಾವತಿ ಪವರ್‌ಹೌಸ್. ಅದನ್ನು ನೋಡಲು ತಾಳಗುಪ್ಪದ ಕಡೆಯಿಂದ ಕಾರುಗಳ ಸಾಲು. ನಾವೂ ಹೋಗಿದ್ದೆವು. ಕೊಡೆ ಹಿಡಿದು, ಬಿಸಿ ಜೋಳದ ತೆನೆ ಕಡಿಯುತ್ತಾ ಅರ್ಧ ಗಂಟೆ ನಿಂತೆವು. ಮಂಜು ಮುಚ್ಚಿಕೊಂಡು ರಾಜ, ರಾಣಿ ಯಾವುದೂ ಕಾಣಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು.